ಹಲ್ಲು ಎಣಿಸಿ ಕೊಡಿ

ದಾನ ಕೊಟ್ಟ ಹಸುವಿನ ಹಲ್ಲು ಎಣಿಸಬಾರದು ಅಂತ ಗಾದೆ ಇದೆಯಲ್ಲ, ಅದನ್ನು ಮಾಡಿರುವುದು ತಗೊಳ್ಳುವವರಿಗೆ. ಕೊಡುವವರು ಹಲ್ಲು ಎಣಿಸಿಯೇ ಕೊಡಬೇಕು. ಭಾನುವಾರ ಬಂತೆಂದರೆ ಒಂದು ಶೆಡ್ಡಿನಲ್ಲಿ ಸೇರಿ ಶಾಲೆಗೆ ಬೆಂಚು, ಅಂಗನವಾಡಿಗೆ ಆಟಿಕೆ, ಪಂಚಾಯಿತಿಯ ಅರಿವು ಕೇಂದ್ರಕ್ಕೆ ಪುಸ್ತಕದ ಕಪಾಟು ಮಾಡಿಕೊಡಬೇಕು ಅಂತ ಹೊರಡುವ ನಮ್ಮ ದುರ್ಗದ ಸೀಮೆಯ ಹುಡುಗ ಹುಡುಗಿಯರಿಗೆ, ಮರಗೆಲಸದಲ್ಲಿ ಕೂದಲು ನರೆಸಿಕೊಂಡ ನಾನು ಹೇಳಬೇಕಾದ್ದು ಮುಖ್ಯವಾಗಿ ಇಷ್ಟೇ. ಮಿಕ್ಕಿದ್ದೆಲ್ಲ ಇದರ ಬಾಲ.

ಕಾಸು ಕೊಟ್ಟು ಬಾಗಿಲು ಮಾಡಿಸಿಕೊಂಡವನು, ಮಳೆಗಾಲದಲ್ಲಿ ಅದು ಚೌಕಟ್ಟಿಗೆ ಹಿಡಿದುಕೊಂಡರೆ ಮಾರನೇ ದಿನವೇ ಬಡಗಿಯ ಮನೆ ಮುಂದೆ ನಿಂತು ಕೂಗಾಡುತ್ತಾನೆ. ಪುಕ್ಕಟೆ ಬೆಂಚು ಪಡೆದ ಹೆಡ್ಮೇಷ್ಟ್ರು ಹಾಗೆ ಬರುವುದಿಲ್ಲ. ಹಾರ ಹಾಕುತ್ತಾರೆ, ಶಾಲು ಹೊದಿಸುತ್ತಾರೆ, ಫೋಟೊ ತೆಗೆಸುತ್ತಾರೆ. ಆರು ತಿಂಗಳಿಗೆ ಬೆಂಚಿನ ಕಾಲು ಅಲ್ಲಾಡಿದರೆ ಸದ್ದಿಲ್ಲದೆ ಹಿಂದಿನ ಕೋಣೆಗೆ ಸಾಗಿಸುತ್ತಾರೆ. ಪಾಪ, ಒಳ್ಳೇ ಹುಡುಗರು, ಮನಸ್ಸು ಯಾಕೆ ನೋಯಿಸಬೇಕು ಅಂತ. ನಿಮಗೆ ಸುದ್ದಿಯೇ ಮುಟ್ಟುವುದಿಲ್ಲ. ನೀವು ಅದೇ ಅಳತೆಯಲ್ಲಿ ಇನ್ನೊಂದಷ್ಟು ಬೆಂಚು ಮಾಡಿ ಇನ್ನೊಂದು ಶಾಲೆಗೆ ಕೊಡುತ್ತೀರಿ. ಬೈಯುವ ಗಿರಾಕಿ ಇಲ್ಲದ ಕಸುಬು ಹಾಳಾಗುವುದು ಹೀಗೆ.

ಅದಕ್ಕೇ ಆ ಬೈಗುಳವನ್ನು ನೀವೇ ಬೈದುಕೊಳ್ಳಬೇಕು, ಅದೂ ಸಾಮಾನು ಶೆಡ್ಡು ದಾಟುವ ಮೊದಲು. ಬೆಂಚಿನ ಮೇಲೆ ಮೂರು ಜನ ಗಟ್ಟಿಯಾಗಿ ಕೂತು ಹಿಂದಕ್ಕೂ ಮುಂದಕ್ಕೂ ತೂಗಿ ನೋಡಿ. ಮಕ್ಕಳು ಬೆಂಚಿನ ಮೇಲೆ ಕೂರುವುದಕ್ಕಿಂತ ಹತ್ತಿ ನಿಲ್ಲುವುದೇ ಹೆಚ್ಚು. ಆದ್ದರಿಂದ ನೀವೂ ಹತ್ತಿ ಕುಣಿಯಿರಿ. ಅಂಗೈಯನ್ನು ಅಂಚಿನುದ್ದಕ್ಕೂ ಸವರಿ, ಅಡಿಭಾಗದಲ್ಲೂ ಸವರಿ. ಮಗುವಿನ ತೊಡೆ ತಾಗುವುದು ಮೇಲ್ಭಾಗಕ್ಕೆ, ಬೆರಳು ಓಡಾಡುವುದು ಅಡಿಭಾಗದಲ್ಲಿ. ಒಂದೇ ಒಂದು ಸಿಬಿರು ಚುಚ್ಚಿದರೂ ಮತ್ತೆ ಹತ್ತರಿ ಹಿಡಿಯಿರಿ.

ಪುಕ್ಕಟೆ ಕೆಲಸ ಅಂದರೆ ಸಡಿಲ ಕೆಲಸ ಅನ್ನುವುದು ನಮ್ಮ ಸೀಮೆಯ ರೂಢಿಯೇ ಅಲ್ಲ. ಹಿರಿಯೂರಿನಲ್ಲಿ ದೇವರ ಹೆಸರಿನಲ್ಲೇ ತೇರಿದೆ, ತೇರುಮಲ್ಲೇಶ್ವರ. ಇಂಥ ಜಾತ್ರೆಗಳಲ್ಲಿ ತೇರು ಹೊರಟಾಗ ಎಲ್ಲರ ಕಣ್ಣೂ ಕಳಶದ ಮೇಲೆ, ಬಾಳೆಹಣ್ಣು ಎಸೆಯುವವರ ಮೇಲೆ. ನೀವು ಗಾಲಿಯ ಪಕ್ಕದಲ್ಲಿ ನಡೆಯುವವರನ್ನು ನೋಡಿ. ಮರದ ಸನ್ನೆ ಹಿಡಿದು, ತೇರು ವಾಲಿದ ಕಡೆ ಒಂದು ಗಾಲಿಗೆ ಕೊಟ್ಟು, ತಿರುಗಬೇಕಾದ ಕಡೆ ಇನ್ನೊಂದಕ್ಕೆ ಕೊಟ್ಟು, ಹಗ್ಗ ಎಳೆಯುವ ಜನರ ಉತ್ಸಾಹವನ್ನು ಹದ್ದಿನಲ್ಲಿ ಇಡುವವರು ಅವರು. ಅವರಿಗೆ ಸಂಬಳ ಗಿಂಬಳ ಇಲ್ಲ. ಆದರೆ ಇವತ್ತು ಮನಸ್ಸಿಲ್ಲ, ನಾಳೆ ಬರುತ್ತೇನೆ ಅಂತ ಅವರಲ್ಲಿ ಒಬ್ಬನಾದರೂ ಹೇಳಿದ್ದನ್ನು ನಾನು ಕೇಳಿಲ್ಲ. ಜಾತ್ರೆಗೆ ಮುಂಚೆ ಗಾಲಿ, ಅಚ್ಚು, ಕೀಲು ಎಲ್ಲವನ್ನೂ ತಟ್ಟಿ ನೋಡಿ, ಹುಳು ಹಿಡಿದ ತುಂಡನ್ನು ಬದಲಿಸಿಯೇ ತೇರು ಹೊರಗೆ ಬರುವುದು. ಸೇವೆ ಮಾಡುವ ಪದ್ಧತಿ ಅದು.

ಗಾಡಿಯ ಗಾಲಿಯ ವಿಚಾರವೂ ಅಷ್ಟೇ. ರಬ್ಬರ್ ಟೈರಿನ ಗಾಡಿ ಬಂದ ಮೇಲೆ ಹುಟ್ಟಿದವರು ನೀವು, ಆದ್ದರಿಂದ ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ. ನಡುವಿನ ಗುಂಬಕ್ಕೆ ಅರೆಗಳನ್ನು ಕೂರಿಸಿ, ಅರೆಗಳ ತುದಿಗೆ ಬಾಗಿದ ಮರದ ತುಂಡುಗಳನ್ನು ಸುತ್ತ ಜೋಡಿಸುತ್ತಿದ್ದರು. ಇಷ್ಟಕ್ಕೇ ಬಿಟ್ಟರೆ ಗಾಲಿ ನಾಲ್ಕು ಹೆಜ್ಜೆಗೆ ಕಳಚಿ ಬೀಳುತ್ತದೆ. ಅದನ್ನು ಬಿಗಿಹಿಡಿಯುವುದು ಕಬ್ಬಿಣದ ಪಟ್ಟಿ. ಕಮ್ಮಾರ ಆ ಪಟ್ಟಿಯನ್ನು ಮರದ ಸುತ್ತಳತೆಗಿಂತ ಬೇಕೆಂದೇ ಒಂದು ಚೂರು ಚಿಕ್ಕದಾಗಿ ಬೆಸೆಯುತ್ತಿದ್ದ. ಬೆರಣಿ ಒಟ್ಟಿ, ಬೆಂಕಿ ಮಾಡಿ, ಅದರೊಳಗೆ ಪಟ್ಟಿಯನ್ನು ಕೆಂಪಗೆ ಕಾಯಿಸಿದಾಗ ಅದು ಹಿಗ್ಗುತ್ತದೆ. ನಾಲ್ಕೈದು ಜನ ಇಕ್ಕಳದಲ್ಲಿ ಎತ್ತಿ ತಂದು ಗಾಲಿಯ ಮೇಲಿಟ್ಟು ಬಡಿದು ಕೂರಿಸಬೇಕು. ಮರ ಹೊತ್ತಿಕೊಳ್ಳುವ ಮೊದಲು ಕೊಡಗಟ್ಟಲೆ ನೀರು ಸುರಿಯಬೇಕು. ಕಬ್ಬಿಣ ಕುಗ್ಗುತ್ತಾ ಬಂದಂತೆ ಅರೆಗಳೆಲ್ಲ ಕಿರ್ ಅಂತ ಗುಂಬದೊಳಕ್ಕೆ ಬಿಗಿದುಕೊಳ್ಳುತ್ತವೆ. ಬಡಗಿ, ಕಮ್ಮಾರ, ಗಾಡಿಯ ಯಜಮಾನ, ನೀರು ಹೊರುವ ಹೆಂಗಸರು, ಬೆರಣಿ ತರುವ ಮಕ್ಕಳು, ಎಲ್ಲರೂ ಒಂದೇ ಗಳಿಗೆಯಲ್ಲಿ ಅಲ್ಲಿರಬೇಕಿತ್ತು. ಒಬ್ಬ ತಡಮಾಡಿದರೂ ಪಟ್ಟಿ ಆರುತ್ತದೆ, ಕೆಲಸ ಕೆಡುತ್ತದೆ. ಸಮುದಾಯ ಕಾರ್ಯಾಗಾರ ಅಂತ ನೀವೀಗ ಬೋರ್ಡು ಬರೆಸುತ್ತೀರಲ್ಲ, ಬೋರ್ಡಿಲ್ಲದೆ ನಡೆದ ಕಾರ್ಯಾಗಾರ ಅದು. ನಿಮ್ಮ ಶೆಡ್ಡಿನಲ್ಲಿ ಹೇಳಿದ ಹೊತ್ತಿಗೆ ಬಾರದವನಿಗೆ ಈ ಪಟ್ಟಿಯ ಕತೆ ಹೇಳಿ.

ಇನ್ನು ಮರಕ್ಕೆ ಬರೋಣ. ನಮ್ಮದು ಮಲೆನಾಡಲ್ಲ, ತೇಗ, ಬೀಟೆ, ಹೊನ್ನೆಯ ಆಸೆಯನ್ನು ಸೇವೆಯ ಕೆಲಸಕ್ಕೆ ತರಬೇಡಿ. ಊರಲ್ಲಿ ಇರುವುದು ಬೇವು, ಹುಣಸೆ, ಕರಿಜಾಲಿ, ಹೊಂಗೆ. ಹೊಸದುರ್ಗ ಹೊಳಲ್ಕೆರೆ ಕಡೆ ತೆಂಗು, ಅಡಿಕೆ. ಬದುವಿನ ಮೇಲೆ ಅಲ್ಲಲ್ಲಿ ಸಿಲ್ವರ್ ಓಕು, ಹೆಬ್ಬೇವು. ಇವುಗಳಲ್ಲಿ ಹೊಂಗೆಯನ್ನು ನೆರಳಿಗೂ ಎಣ್ಣೆಗೂ ಬಿಟ್ಟುಬಿಡಿ, ಅದರ ಮರಕ್ಕೆ ಹುಳು ಬಲು ಬೇಗ ಬೀಳುತ್ತದೆ. ಬೇವಿಗೆ ಗೆದ್ದಲಿನ ಕಾಟ ಕಡಿಮೆ, ಆದರೆ ಅದರ ಎಳೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ತಿರುಚಿಕೊಂಡಿರುತ್ತದೆ. ಕೀಸುವಾಗ ಚಕ್ಕೆ ಕಿತ್ತು ಬರುತ್ತದೆ. ಅಲಗು ಚೂಪಾಗಿರಬೇಕು, ಕೀಸು ತೆಳ್ಳಗಿರಬೇಕು. ಕರಿಜಾಲಿ ನಮ್ಮ ನೇಗಿಲು, ಕುಂಟೆ, ಗಾಲಿಗಳನ್ನೆಲ್ಲ ಸಾಕಿದ ಮರ. ಬೆಂಚಿನ ಕಾಲಿಗೆ ಅದಕ್ಕಿಂತ ಒಳ್ಳೆಯದು ಬೇಕಿಲ್ಲ. ಹುಣಸೆಯ ಕೆಚ್ಚಿನಿಂದ ಮೊದಲು ನಿಮಗೇ ಕೊಡತಿ ಮಾಡಿಕೊಳ್ಳಿ. ಉಳಿಯ ಹಿಡಿಗೆ ಸುತ್ತಿಗೆಯಲ್ಲಿ ಬಡಿಯುವವರನ್ನು ಕಂಡರೆ ನನಗೆ ಈಗಲೂ ಸಿಟ್ಟು ಬರುತ್ತದೆ.

ಬಳ್ಳಾರಿ ಜಾಲಿಯ ಬಗ್ಗೆ ಒಂದು ಮಾತು. ಹಾಳು ಜಾಲಿ ಅಂತ ಎಲ್ಲರೂ ಬೈಯುವ ಈ ಗಿಡ ಕೆರೆಯಂಗಳ, ಹಳ್ಳದ ದಂಡೆ ಎಲ್ಲ ಕಡೆ ನುಗ್ಗಿದೆ. ಕಡಿದು ಇದ್ದಿಲು ಸುಡುತ್ತಾರೆ, ಅಷ್ಟೇ. ಅಮೆರಿಕದ ಟೆಕ್ಸಾಸ್ ಕಡೆ ಇದರ ದಾಯಾದಿ ಮರ ಮೆಸ್ಕೀಟಿನಿಂದ ಮೇಜು, ಕುರ್ಚಿ, ಮನೆಯ ನೆಲಹಾಸನ್ನೇ ಮಾಡುತ್ತಾರೆ. ಗಟ್ಟಿ ಮರ, ಬಣ್ಣ ಚೆಂದ, ಎಲ್ಲಕ್ಕಿಂತ ಹೆಚ್ಚಾಗಿ ಒಣಗುವಾಗ ಬಹಳ ಕಡಿಮೆ ಕುಗ್ಗುತ್ತದೆ. ಸೊಟ್ಟ, ಗಿಡ್ಡ ತುಂಡುಗಳೇ ಸಿಗುವುದರಿಂದ ಉದ್ದನೆ ಹಲಗೆ ಬರುವುದಿಲ್ಲ. ಮಣೆ, ಗೂಟ, ಹಿಡಿಕೆ, ಚಿಕ್ಕ ಸ್ಟೂಲಿಗೆ ಸಾಕು. ಮುಳ್ಳು ಚುಚ್ಚಿದರೆ ಕೀವಾಗುತ್ತದೆ, ಕೈಗವಸು ಹಾಕಿಕೊಂಡು ಸವರಿ. ಒಂದು ಊರಿನ ಶೆಡ್ಡು ಈ ಒಂದು ಮರವನ್ನೇ ನೆಚ್ಚಿಕೊಂಡು ಹೆಸರು ಮಾಡಬಹುದು ಅಂತ ನನ್ನ ಎಣಿಕೆ. ಯಾರಾದರೂ ಕೈ ಹಾಕಬೇಕು.

ತೆಂಗಿನ ಮಾತು ಬೇರೆ. ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದದ್ದು, ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ನಡುವಿನ ಬರಗಾಲಗಳಲ್ಲಿ ಹಿರಿಯೂರು ಸೀಮೆಯಲ್ಲಿ ಒಣಗಿ ಸುಳಿ ಬಿದ್ದ ತೆಂಗಿನ ತೋಟಗಳನ್ನು ನೋಡಿದವರಿಗೆ ಆ ಮರಗಳು ಸೌದೆಯ ಬೆಲೆಗೆ ಹೋದ ಸಂಕಟ ಗೊತ್ತು. ತೆಂಗಿಗೆ ಬೇರೆ ಮರಗಳಂತೆ ನಡುವೆ ಕೆಚ್ಚು ಇರುವುದಿಲ್ಲ. ಗಟ್ಟಿ ಇರುವುದು ಹೊರಸುತ್ತು, ಒಳಗೆ ಬರೀ ಬೆಂಡು. ಆದ್ದರಿಂದ ಹಳೆಯ ಮರದ ಬುಡದ ಭಾಗವನ್ನು ಆರಿಸಿ, ಹೊರಸುತ್ತನ್ನಷ್ಟೇ ಹಲಗೆ, ರೀಪು ಸೀಳಿಸಿ, ಒಳಗಿನದನ್ನು ಬಿಡಿ. ಗರಗಸದ ಹಲ್ಲು ಬೇಗ ಮೊಂಡಾಗುತ್ತದೆ, ಕಾರ್ಬೈಡ್ ಹಲ್ಲಿನ ಬ್ಲೇಡು ಬೇಕು. ಮೊಳೆ ನೇರವಾಗಿ ಹೊಡೆದರೆ ಸೀಳು ಬಿಡುತ್ತದೆ, ಮೊದಲು ತೂತು ಕೊರೆಯಿರಿ. ಇಷ್ಟು ಪಾಡುಪಟ್ಟರೆ ಆ ಕಪ್ಪು ಗೆರೆಯ ಹಲಗೆಗೆ ಬಣ್ಣವೇ ಬೇಡ.

ಯಾವ ಮರವಾದರೂ ಹಸಿಯಾಗಿ ಮುಟ್ಟಬೇಡಿ. ನಮ್ಮ ದುರ್ಗದ ಗಾಳಿ ಗೊತ್ತಲ್ಲ, ಗುಡ್ಡದ ಮೇಲೆಲ್ಲ ಗಾಳಿಯಂತ್ರ ನೆಟ್ಟಿರುವುದು ಸುಮ್ಮನೆ ಅಲ್ಲ. ಆ ಒಣಗಾಳಿಗೂ ಬಿಸಿಲಿಗೂ ಹಸಿ ದಿಮ್ಮಿ ಒಡ್ಡಿದರೆ ತುದಿಯ ಮೈ ಬೇಗ ಒಣಗಿ, ಒಳಗಿನದು ಹಿಂದೆ ಉಳಿದು, ಕೊನೆಯಿಂದ ಬಿರುಕು ಬಿಡುತ್ತಾ ಬರುತ್ತದೆ. ಹಿಂದಿನವರು ದಿಮ್ಮಿಯ ಎರಡೂ ಕೊನೆಗೆ ಸಗಣಿ ಮೆತ್ತುತ್ತಿದ್ದರು. ನೀವು ಹಳೇ ಪೇಂಟಾದರೂ ಬಳಿಯಿರಿ. ಹಲಗೆಗಳ ನಡುವೆ ಸಮ ದಪ್ಪದ ರೀಪು ಇಟ್ಟು, ನೆರಳಲ್ಲಿ, ನೆಲದಿಂದ ಮೇಲೆ ಒಟ್ಟಿ. ಒಂದಂಗುಲದ ಹಲಗೆಗೂ ಕೆಲವು ತಿಂಗಳು ಬೇಕು. ಅಷ್ಟು ತಾಳ್ಮೆ ಇಲ್ಲ, ಆಗಸ್ಟ್ ಹದಿನೈದಕ್ಕೆ ಉದ್ಘಾಟನೆ ಇದೆ ಅನ್ನುವಿರಾದರೆ ಇನ್ನೊಂದು ದಾರಿ ಇದೆ. ಮಲ್ಲಾಡಿಹಳ್ಳಿಯ ರಾಘವೇಂದ್ರ ಸ್ವಾಮೀಜಿ, ಅದೇ ನಮ್ಮ ತಿರುಕ, ಜೋಳಿಗೆ ಹಿಡಿದು ಆಶ್ರಮ ಕಟ್ಟಿದರು. ನೀವು ಜೋಳಿಗೆ ಹಿಡಿಯುವುದಾದರೆ ದುಡ್ಡಿಗೆ ಹಿಡಿಯಬೇಡಿ, ಹಳೇ ಮರಕ್ಕೆ ಹಿಡಿಯಿರಿ. ಜಂತೆಮನೆ ಕೆಡವಿ ಆರ್‌ಸಿಸಿ ಹಾಕಿಸುವವರ ಹಿತ್ತಿಲಲ್ಲಿ ತೊಲೆ, ಜಂತೆ, ಬಾಗಿಲವಾಡ ಬಿದ್ದಿರುತ್ತವೆ. ಹತ್ತಾರು ವರ್ಷ ಹೊಗೆಯಲ್ಲಿ ನೆರಳಲ್ಲಿ ಒಣಗಿದ ಮರ, ಇನ್ನು ಕುಗ್ಗುವುದಕ್ಕೆ ಅದರಲ್ಲಿ ಏನೂ ಉಳಿದಿರುವುದಿಲ್ಲ. ಗರಗಸಕ್ಕೆ ಕೊಡುವ ಮೊದಲು ಅಯಸ್ಕಾಂತ ಓಡಿಸಿ ಒಳಗೆ ಮುರಿದ ಮೊಳೆ ಇದೆಯೇ ನೋಡಿ. ಹಸಿ ಮರ ಕಡಿಯಲೇಬೇಕಾದರೆ ಮೊದಲು ಅರಣ್ಯ ಇಲಾಖೆಯ ಕಚೇರಿಗೆ ಹೋಗಿ ಕೇಳಿ; 1976ರ ಮರ ಸಂರಕ್ಷಣಾ ಕಾಯಿದೆಗೆ ನಿಮ್ಮ ಸೇವಾಭಾವ ಗೊತ್ತಿಲ್ಲ, ನಿಮ್ಮ ಸ್ವಂತ ಹೊಲದ ಮರಕ್ಕೂ ಅದು ಅನ್ವಯಿಸಬಹುದು.

ಬಸ್ ನಿಲ್ದಾಣದಲ್ಲಿ, ಕೆರೆ ಏರಿಯ ಮೇಲೆ ಮರದ ಬೆಂಚು ಇಡಬೇಕೆಂಬ ಆಸೆ ಎಲ್ಲ ಸ್ವಯಂಸೇವಕರಿಗೂ ಒಂದಲ್ಲ ಒಂದು ದಿನ ಬರುತ್ತದೆ. ಹೊಳಲ್ಕೆರೆಯ ಬಯಲು ಗಣಪತಿ ಶತಮಾನಗಳಿಂದ ಬಿಸಿಲು ಮಳೆ ತಡೆದು ಕೂತಿದ್ದಾನೆ ನಿಜ, ಅವನು ಕಲ್ಲು. ಬಯಲಿನ ಬೆಂಚಿಗೆ ಕಾಲು ಕಲ್ಲಿನದಿರಲಿ. ಚಪ್ಪಡಿಗೆ ನಮ್ಮಲ್ಲಿ ಬಡತನವೇ? ಮೇಲಿನ ಹಲಗೆ ಮಾತ್ರ ಮರದ್ದಿರಲಿ, ಅದೂ ಹಲಗೆ ಹಲಗೆಯ ನಡುವೆ ಸಂದು ಬಿಟ್ಟು, ನೀರು ನಿಲ್ಲದ ಹಾಗೆ, ಬೋಲ್ಟು ಬಿಚ್ಚಿ ಬದಲಿಸಲು ಬರುವ ಹಾಗೆ.

ಈ ಬಿಚ್ಚಿ ಕಟ್ಟುವ ವಿದ್ಯೆ ಕಲಿಯಬೇಕಾದರೆ ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಗೆ ಹೋಗಿ. ಪಂಡಿತಾರಾಧ್ಯ ಶಿವಾಚಾರ್ಯ ಸ್ವಾಮೀಜಿ 1987ರಲ್ಲಿ ಅಲ್ಲಿ ಶಿವಕುಮಾರ ಕಲಾಸಂಘ ಶುರು ಮಾಡಿದರು. 1997ರಿಂದ ಶಿವಸಂಚಾರ ತಂಡ ವರ್ಷಕ್ಕೆ ಮೂರು ನಾಟಕ ಕಟ್ಟಿಕೊಂಡು ನಾಡೆಲ್ಲ ತಿರುಗುತ್ತಿದೆ. ನಾಟಕ ನೋಡುವುದು ಸರಿ, ಮುಗಿದ ಮೇಲೂ ಅರ್ಧ ಗಂಟೆ ನಿಲ್ಲಿ. ತಿರುಗುವ ತಂಡದ ರಂಗಸಜ್ಜಿಕೆ ರಾತ್ರಿ ಬಿಚ್ಚಿ ವ್ಯಾನಿಗೆ ಏರಬೇಕು, ಮಾರನೇ ದಿನ ಇನ್ನೊಂದು ಊರಿನ ಇನ್ನೊಂದು ಅಳತೆಯ ವೇದಿಕೆಯ ಮೇಲೆ ನಿಲ್ಲಬೇಕು, ಅದರ ಮೇಲೆ ಒಬ್ಬ ನಟ ಹಾರಿದರೂ ಕದಲಬಾರದು. ಹೊರುವಷ್ಟು ಹಗುರ, ನಿಲ್ಲುವಷ್ಟು ಗಟ್ಟಿ. ಸಿಂಹಾಸನವೇ ಆಗಲಿ, ಮೂರು ಜನ ಹಿಡಿದರೆ ಬಾಗಿಲು ದಾಟಬೇಕು. ನೀವು ಮಾಡಿದ ಕಪಾಟು ಅರಿವು ಕೇಂದ್ರದ ಬಾಗಿಲೊಳಗೆ ಹೋಗುತ್ತದೆಯೋ ಇಲ್ಲವೋ ಅನ್ನುವುದನ್ನು ಕಪಾಟು ಮುಗಿದ ಮೇಲೆ ಅಳೆಯುವವರು ಬಹಳ ಮಂದಿ ಇದ್ದಾರೆ. ಕಪಾಟಿನ ಮಾತು ಬಂತಲ್ಲ: ಒಂದಡಿ ಉದ್ದದ ಪುಸ್ತಕಸಾಲು ಎಂಟು ಹತ್ತು ಕಿಲೋ ತೂಗಬಹುದು. ಮುಕ್ಕಾಲು ಅಂಗುಲದ ಹಲಗೆಯನ್ನು ಮೂರಡಿ ದಾಟಿಸಬೇಡಿ, ವರ್ಷದೊಳಗೆ ನಡು ಬಾಗುತ್ತದೆ. ಎರಡೂವರೆ ಅಡಿಗೆ ಒಂದು ಆಸರೆ ಕೊಟ್ಟರೆ ನಿಶ್ಚಿಂತೆ. ಎತ್ತರದ ಕಪಾಟನ್ನು ಗೋಡೆಗೆ ಬಿಗಿಯದೆ ಬರಲೇಬೇಡಿ. ಮಕ್ಕಳು ಅದನ್ನು ಏಣಿ ಅಂದುಕೊಳ್ಳುತ್ತಾರೆ.

ಆಟಿಕೆ ಮಾಡುವಾಗ ಚನ್ನಪಟ್ಟಣದವರನ್ನು ನೆನೆಯಿರಿ. ಆಲೆ ಮರದ ತುಂಡು ಲೇತಿನಲ್ಲಿ ತಿರುಗುತ್ತಿರುವಾಗಲೇ ಅರಗಿನ ಕಡ್ಡಿ ಒತ್ತಿದರೆ ಉಜ್ಜಿದ ಬಿಸಿಗೆ ಕರಗಿ ಬಣ್ಣ ಹಿಡಿಯುತ್ತದೆ. ಮಗು ಬಾಯಿಗಿಟ್ಟುಕೊಂಡರೂ ತೊಂದರೆ ಇಲ್ಲದ ಬಣ್ಣ ಹುಡುಕಿಕೊಂಡ ಜನ ಅವರು. ನೀವು ಅಂಗಡಿಯ ಎನಾಮೆಲ್ ಬಳಿದು ಅಂಗನವಾಡಿಗೆ ಕೊಡಬೇಡಿ. ಬಣ್ಣವಿಲ್ಲದೆ ನುಣ್ಣಗೆ ಉಜ್ಜಿ ಕೊಟ್ಟರೂ ಮಕ್ಕಳು ಬೇಸರಪಡುವುದಿಲ್ಲ. ಮೂರು ವರ್ಷದೊಳಗಿನ ಮಗುವಿನ ಕೈಗೆ ಒಂದೂಕಾಲು ಅಂಗುಲಕ್ಕಿಂತ ಸಣ್ಣ ಬಿಡಿ ಚೂರು ಸೇರಬಾರದು, ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಗುಬ್ಬಿಗೂಡಿನ ತೂತಿನ ಅಳತೆಯೂ ಹೆಚ್ಚುಕಡಿಮೆ ಅಷ್ಟೇ. ಗುಬ್ಬಿಗೂಡೆಂದ ಕೂಡಲೇ ಹೇಳಿಬಿಡುತ್ತೇನೆ, ನೂರಾರು ಗೂಡು ಮಾಡಿ ಹಂಚಿ ಪೇಪರಿನಲ್ಲಿ ಹಾಕಿಸುವ ಚಪಲ ಬೇಡ. ಪಡುವಣ ಗೋಡೆಗೆ, ಏಪ್ರಿಲ್ ಬಿಸಿಲಿಗೆ ನೇತುಹಾಕಿದ ಗೂಡಿನಲ್ಲಿ ಮರಿ ಬೇಯುತ್ತದೆ. ನೆರಳಿನ ಜಾಗ ಹುಡುಕಿ, ನಾಲ್ಕೇ ಗೂಡು ಇಟ್ಟು, ಗುಬ್ಬಿ ಬಂತೇ ಅಂತ ಕಾದು ನೋಡಿ.

ನನಗೆ ಹೆಚ್ಚು ಚಿಂತೆ ಇರುವುದು ಊರಿನ ಬಡಗಿಯದು. ನೀವು ಪುಕ್ಕಟೆ ಮಾಡಿಕೊಡುವ ಪ್ರತಿಯೊಂದು ಟೇಬಲ್ಲೂ ಯಾರದೋ ಕೈಯ ಕೆಲಸ ಕಿತ್ತುಕೊಂಡದ್ದಾಗಿರಬಹುದು. ಹಿಂದೆ ಆಯ ಅಂತ ಇತ್ತು. ಸುಗ್ಗಿಯಲ್ಲಿ ಕಣಕ್ಕೆ ಬಂದು ಬಡಗಿ ತನ್ನ ಪಾಲಿನ ಕಾಳು ಒಯ್ಯುತ್ತಿದ್ದ, ವರ್ಷವಿಡೀ ಕೂರಿಗೆ ಕುಂಟೆ ನೋಡಿಕೊಳ್ಳುತ್ತಿದ್ದ. ಆಯವೂ ಹೋಯಿತು, ಕೂರಿಗೆಯೂ ಟ್ರ್ಯಾಕ್ಟರಿನ ಹಿಂದೆ ಕಬ್ಬಿಣದ್ದಾಯಿತು. ಈಗ ನೀವೂ ಹೋಗಿ ಅವನ ಬಾಯಿಗೆ ಮಣ್ಣು ಹಾಕಬೇಡಿ. ಕಾಸು ಕೊಡಬಲ್ಲವರು ಕೇಳಿದರೆ ಬಡಗಿಯ ಮನೆ ತೋರಿಸಿ. ಕೊಡಲಾರದ ಕಡೆಗೆ ಮಾತ್ರ ನಿಮ್ಮ ಸೇವೆ. ನಿಮಗೆ ಕಲಿಸಲು ಅವನನ್ನು ಕರೆಯಿರಿ, ಕರೆದ ದಿನದ ಕೂಲಿಯನ್ನು ಅವತ್ತೇ ಕೊಡಿ. ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿ ಮಾಡಿದಷ್ಟು ನೀಡು ಭಿಕ್ಷೆ ಅಂದ ಸೀಮೆ ಇದು, ಸೇವೆ ಅಂತ ಹೇಳಿ ದುಡಿಯುವವನ ದಿನ ಮುರಿಯುವುದು ಇಲ್ಲಿ ಒಪ್ಪುವುದಿಲ್ಲ. 2023ರ ಸೆಪ್ಟೆಂಬರಿನಲ್ಲಿ ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯಲ್ಲಿ ಬಡಗಿಗಳಿಗೆ ತರಬೇತಿಯ ದಿನಕ್ಕೆ 500 ರೂಪಾಯಿ, ಉಪಕರಣಕ್ಕೆ 15,000 ರೂಪಾಯಿ, ಆಮೇಲೆ ಶೇ. 5 ಬಡ್ಡಿಯ ಸಾಲ ಅಂತ ಇಟ್ಟಿದ್ದಾರೆ. ಫೋನಿನಲ್ಲಿ ಬೆರಳಾಡಿಸುವುದರಲ್ಲಿ ನೀವು ನಿಪುಣರು. ಆ ಅರ್ಜಿ, ಆಧಾರು, ಬ್ಯಾಂಕಿನ ಗೋಜಲನ್ನು ಅವನಿಗೆ ಬಿಡಿಸಿಕೊಡಿ. ಬೆಂಚಿಗಿಂತ ದೊಡ್ಡ ಸೇವೆ ಅದು.

ಬಡಗಿಯ ಜೊತೆಗೆ ಊರಿನ ಮುದುಕರನ್ನೂ ಕರೆಯಿರಿ. ಆಸ್ಟ್ರೇಲಿಯಾದಲ್ಲಿ 1990ರ ದಶಕದಲ್ಲಿ ನಿವೃತ್ತರಾದ ಗಂಡಸರಿಗೆಂದೇ ಇಂಥ ಶೆಡ್ಡುಗಳು ಶುರುವಾದವು. ಈಗ ಆ ದೇಶದಲ್ಲಿ ಸಾವಿರಕ್ಕೂ ಹೆಚ್ಚಿವೆ. ಎದುರಿಗೆ ಕೂರಿಸಿ ಹೇಗಿದ್ದೀಯಪ್ಪ ಅಂದರೆ ಬಾಯಿ ಬಿಡದ ಗಂಡಸು, ಪಕ್ಕದಲ್ಲಿ ನಿಂತು ಹಲಗೆಯ ಇನ್ನೊಂದು ತುದಿ ಹಿಡಿದುಕೊಂಡರೆ ಮನೆಯ ಕತೆಯನ್ನೆಲ್ಲ ಹೇಳುತ್ತಾನೆ ಅಂತ ಅವರು ಕಂಡುಕೊಂಡರಂತೆ. ನಮ್ಮಲ್ಲಿ ಅದಕ್ಕೆ ಅರಳಿಕಟ್ಟೆ ಇತ್ತು ಅನ್ನಬಹುದು. ಇರಲಿ, ಕಟ್ಟೆಯ ಮೇಲೆ ಇಸ್ಪೀಟಿಗಿಂತ ಶೆಡ್ಡಿನಲ್ಲಿ ಉಪ್ಪುಕಾಗದ ಉಜ್ಜುವುದು ವಾಸಿ. ಹೆಂಗಸರನ್ನು ಮಾತ್ರ ಚಹಾ ತರುವುದಕ್ಕೆ ಕರೆಯಬೇಡಿ. ಒನಕೆ ಹಿಡಿದ ಓಬವ್ವನ ಊರಿನವರು ನಾವು, ಉಳಿ ಕೊಟ್ಟರೆ ಹಿಡಿಯಲಾರರೇ?

ಯಂತ್ರದ ವಿಚಾರದಲ್ಲಿ ನಾನು ಮೃದುವಾಗಿ ಮಾತಾಡುವುದಿಲ್ಲ. ಕಬ್ಬಿಣ ಕೊರೆಯುವ ಗ್ರೈಂಡರಿಗೆ ಮರದ ಗರಗಸದ ಬ್ಲೇಡು ಸಿಕ್ಕಿಸಿ, ಅಡ್ಡ ಬರುತ್ತದೆಂದು ಗಾರ್ಡು ಬಿಚ್ಚಿ, ಲುಂಗಿ ಎತ್ತಿ ಕಟ್ಟಿ ಒಂದೇ ಕೈಯಲ್ಲಿ ಕೊಯ್ಯುವುದನ್ನು ನೀವು ಎಲ್ಲ ಕಡೆ ನೋಡಿದ್ದೀರಿ. ಬ್ಲೇಡು ಗಂಟಿಗೆ ಸಿಕ್ಕಿದರೆ ಯಂತ್ರ ಎಗರಿ ಬರುವುದು ಕತ್ತಿಗೋ ತೊಡೆಗೋ. ಕೂಲಿಗೆ ಮಾಡುವವನಿಗೆ ಹೊಟ್ಟೆಪಾಡಿನ ಅವಸರ ಇದೆ. ಭಾನುವಾರದ ಕೆಲಸಕ್ಕೆ ಬಂದ ನಿಮಗೆ ಯಾವ ಅವಸರ? ಗಾರ್ಡಿಲ್ಲದ ಯಂತ್ರ ಶೆಡ್ಡಿನೊಳಕ್ಕೆ ಬರಕೂಡದು. ಬಳೆ, ದುಪಟ್ಟ, ಟವೆಲು, ಕೈಗೆ ಕಟ್ಟಿದ ದಾರ ಎಲ್ಲ ಹೊರಗೆ. ಮೂಗಿಗೆ ಮಾಸ್ಕು, ಕಣ್ಣಿಗೆ ಕನ್ನಡಕ. ಮೊದಲ ಆರು ತಿಂಗಳು ಕರೆಂಟಿನ ಗೊಡವೆಯೇ ಬೇಡ ಅಂತ ನಾನು ಹೇಳುವುದು. ಕೈಗರಗಸ, ಹತ್ತರಿ, ಎರಡು ಉಳಿ, ಮೂಲೆಮಟ್ಟ, ಸಾಣೆಕಲ್ಲು, ಇಷ್ಟರಲ್ಲಿ ಒಂದು ಸ್ಟೂಲು ಗಟ್ಟಿಯಾಗಿ ಬಂದರೆ ಆಮೇಲೆ ಯಂತ್ರದ ಮಾತಾಡೋಣ.

ಕೊನೆಗೆ ಹೆಸರಿನ ಸಂಗತಿ. ನಮ್ಮಲ್ಲಿ ದೇವಸ್ಥಾನಕ್ಕೆ ಕೊಟ್ಟ ಟ್ಯೂಬ್‌ಲೈಟಿನ ಮೇಲೆ ಬೆಳಕೇ ಹೊರಗೆ ಬಾರದಷ್ಟು ದಪ್ಪಕ್ಷರದಲ್ಲಿ ದಾನಿಗಳ ಹೆಸರು ಬರೆಸುವ ಚಾಳಿ ಇದೆ. ಬೆಂಚಿನ ಬೆನ್ನ ಮೇಲೆ ನಿಮ್ಮ ಸಂಘದ ಹೆಸರು, ಅಧ್ಯಕ್ಷರು, ಕಾರ್ಯದರ್ಶಿ, ಖಜಾಂಚಿ ಅಂತ ಬರೆಸಬೇಡಿ. ಬೆಂಚನ್ನು ತಿರುಗಿಸಿ, ಅಡಿಭಾಗದಲ್ಲಿ ಕಾದ ಕಬ್ಬಿಣದ ಕಡ್ಡಿಯಿಂದ ಮೂರು ವಿಷಯ ಬರೆಯಿರಿ: ಯಾವ ಮರ, ಯಾವ ತಿಂಗಳು ಮಾಡಿದ್ದು, ಅಲ್ಲಾಡಿದರೆ ಯಾವ ನಂಬರಿಗೆ ಫೋನ್ ಮಾಡಬೇಕು. ಕೊಡುವಾಗ ಹೆಡ್ಮೇಷ್ಟ್ರಿಗೆ ಅದನ್ನು ತೋರಿಸಿ, ಸಂಕೋಚ ಬೇಡ, ಬೈಯಲು ಫೋನ್ ಮಾಡಿ ಸಾರ್ ಅಂತ ಬಾಯಿಬಿಟ್ಟು ಹೇಳಿ. ಅವರು ಮಾಡದಿದ್ದರೆ ಆರು ತಿಂಗಳಿಗೆ ಸ್ಪ್ಯಾನರು, ಉಳಿ, ಸ್ವಲ್ಪ ಫೆವಿಕಾಲ್ ಜೇಬಿಗೆ ಹಾಕಿಕೊಂಡು ನೀವೇ ಹೋಗಿ, ಹಿಂದಿನ ಕೋಣೆಯ ಬಾಗಿಲು ತೆಗೆಸಿ ನೋಡಿ.